ಬಿಟ್ಟವರು ಯಾರು?

ಕೊರೋನಾ ಬರುವುದಕ್ಕೆ ಒಂದು ವರ್ಷ ಮೊದಲಿನ ಮಾತು. ಒಂಬತ್ತನೆಯ ತರಗತಿಗೆ ವ್ಯಾಕರಣ ಹೇಳುತ್ತಿದ್ದೆ. ಕೃದಂತದ ಪಾಠ. 'ಅಮ್ಮ ಮಾಡಿದ ಅಡುಗೆ' ಎಂದರೆ ಮಾಡಿದವರು ಯಾರು? ಅಮ್ಮ. 'ರೈತ ಬಿತ್ತಿದ ಬೀಜ' ಎಂದರೆ ಬಿತ್ತಿದವನು ಯಾರು? ರೈತ. ಹೀಗೆ ಸರಾಗವಾಗಿ ಸಾಗಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ಗೋಡೆಯ ಮೇಲೆ ಒಂದು ಭಿತ್ತಿಪತ್ರವಿತ್ತು, ಶಾಲೆ ಬಿಟ್ಟ ಮಕ್ಕಳನ್ನು ಮರಳಿ ಶಾಲೆಗೆ ಕರೆತನ್ನಿ ಎಂದು. ಅದರತ್ತ ಕೈ ತೋರಿಸಿ ಕೇಳಿದ: "ಟೀಚರ್, ಹಾಗಾದ್ರೆ ಶಾಲೆ ಬಿಟ್ಟ ಮಗು ಅಂದ್ರೆ ಬಿಟ್ಟಿದ್ದು ಶಾಲೇನಾ?"

ತರಗತಿ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. "ಇಲ್ಲಪ್ಪ, ಅಲ್ಲಿ 'ಶಾಲೆಯನ್ನು' ಅಂತ ತಿಳ್ಕೋಬೇಕು. ವಿಭಕ್ತಿ ಪ್ರತ್ಯಯ ಲೋಪವಾಗಿದೆ. ಬಿಟ್ಟಿದ್ದು ಮಗು" ಎಂದು ಅವನನ್ನು ಕೂರಿಸಿದೆ. ವ್ಯಾಕರಣದ ಮಟ್ಟಿಗೆ ನಾನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೂ ಆ ಪ್ರಶ್ನೆ ನನ್ನ ಹಿಂದೆಯೇ ಮನೆಗೆ ಬಂತು.

ಬೆಳಿಗ್ಗೆ ಒಲೆಯ ಮೇಲೆ ಹಾಲಿಟ್ಟು ಪೇಪರು ನೋಡುತ್ತ ನಿಂತಿರುತ್ತೇವೆ. ಹಾಲು ಉಕ್ಕಿ ಕಟ್ಟೆಯೆಲ್ಲ ಹರಿಯುತ್ತದೆ. ಆಗ ನಾವು ಏನೆನ್ನುತ್ತೇವೆ? 'ಅಯ್ಯೋ, ಹಾಲು ಉಕ್ಕಿಹೋಯ್ತು!' ಎನ್ನುತ್ತೇವೆ. 'ನಾನು ನೋಡಲಿಲ್ಲ' ಎಂದವರನ್ನು ನಾನಂತೂ ಕಂಡಿಲ್ಲ. ಉಕ್ಕುವುದು ಹಾಲಿನ ಗುಣ, ಹೌದು. ಆದರೆ ಮುಂದೆ ನಿಂತಿದ್ದ ನಮಗೆ ಅದು ಗೊತ್ತಿರಲಿಲ್ಲವೆ? ಗೊತ್ತಿದ್ದೂ ನೋಡದೆ ಇದ್ದರೆ ಅದನ್ನು ತಪ್ಪು ಎನ್ನಬೇಕೆ, ಬರಿಯ ಮರೆವು ಎನ್ನಬೇಕೆ? ಇಷ್ಟೇ ನನ್ನ ಪ್ರಶ್ನೆ. ಚಿಕ್ಕ ಪ್ರಶ್ನೆಯಂತೆ ಕಾಣುತ್ತದೆ. ಆದರೆ ಹಾಲಿನ ಜಾಗದಲ್ಲಿ ಮಕ್ಕಳನ್ನಿಟ್ಟು ನೋಡಿದರೆ ಅದು ಅಷ್ಟು ಚಿಕ್ಕದಾಗಿ ಉಳಿಯುವುದಿಲ್ಲ.

2020ರ ಮಾರ್ಚಿಯಲ್ಲಿ ಶಾಲೆಗಳು ಮುಚ್ಚಿದವು. ಆಮೇಲೆ ನಡೆದದ್ದು ನಿಮಗೆಲ್ಲ ಗೊತ್ತು. ಸೀಮೆಸುಣ್ಣ ಹಿಡಿದ ಕೈಯಲ್ಲಿ ಫೋನು ಹಿಡಿದೆವು. ವಾಟ್ಸಾಪ್ ಗುಂಪು ಮಾಡಿ ಪಾಠದ ಪುಟಗಳ ಫೋಟೋ ತೆಗೆದು ಹಾಕಿದೆವು. ವಿದ್ಯಾಗಮ ಬಂತು, ಗುಡಿಯ ಜಗಲಿಯಲ್ಲೂ ಮರದಡಿಯಲ್ಲೂ ಪಾಠ ಮಾಡಿದೆವು, ಅದೂ ನಿಂತಿತು, ಮತ್ತೆ ಫೋನಿಗೆ ಬಂದೆವು. ನನ್ನ ಒಂಬತ್ತನೆಯ ತರಗತಿಯಲ್ಲಿ ಆ ವರ್ಷ ಒಬ್ಬಳು ಹುಡುಗಿಯಿದ್ದಳು. ಹೆಸರು ಬೇಡ. ಕನ್ನಡದಲ್ಲಿ ಚೆನ್ನಾಗಿದ್ದಳು, ಪ್ರಬಂಧ ಬರೆದರೆ ಎರಡು ಪುಟ ತುಂಬಿಸುತ್ತಿದ್ದಳು. ಮೊದಮೊದಲು ನಾನು ಕಳಿಸಿದ್ದಕ್ಕೆಲ್ಲ ಉತ್ತರ ಬರುತ್ತಿತ್ತು. ನವೆಂಬರಿನ ಹೊತ್ತಿಗೆ ನಾನು ಕಳಿಸಿದ ಸಂದೇಶದ ಪಕ್ಕದಲ್ಲಿ ಒಂದೇ ಗೀಟು ಉಳಿಯತೊಡಗಿತು. ಅಂದರೆ ತಲುಪಿಲ್ಲ. ನಾನು ಅದನ್ನು ನೋಡಿದೆ. ನೋಡಲಿಲ್ಲವೆಂದು ಈಗ ಹೇಳಿದರೆ ಸುಳ್ಳಾಗುತ್ತದೆ.

2021ರ ಆಗಸ್ಟ್ 23ರಂದು ಪ್ರೌಢಶಾಲೆಗಳು ತೆರೆದವು. ಅವಳು ಬರಲಿಲ್ಲ. ಒಂದು ಸಲ ಫೋನು ಮಾಡಿದೆ, ಸ್ವಿಚ್ ಆಫ್ ಆಗಿತ್ತು. ನೂರೆಂಟು ಕೆಲಸಗಳಿದ್ದವು. ಕೊನೆಗೆ ಪಟ್ಟಿ ಕೇಳಿದಾಗ ಅವಳ ಹೆಸರಿನ ಮುಂದೆ 'ಶಾಲೆ ಬಿಟ್ಟ ಮಗು' ಎಂದು ಬರೆದೆ. ಕಾರಣದ ಕಾಲಮ್ಮಿನಲ್ಲಿ 'ವೈಯಕ್ತಿಕ' ಎಂದು ತುಂಬಿದೆ. ಆ ಒಂದು ಪದದಲ್ಲಿ ಏನು ಬೇಕಾದರೂ ಅಡಗುತ್ತದೆ.

ಇದನ್ನೆಲ್ಲ ನಾನು ಮರೆತೇಬಿಡುತ್ತಿದ್ದೆನೋ ಏನೋ. ನೆನಪು ಮಾಡಿಸಿದ್ದು ನನ್ನ ಅಕ್ಕನ ಮಗಳು. ಅವಳು ಅಮೆರಿಕದ ಅಟ್ಲಾಂಟಾ ನಗರದ ಜಾರ್ಜಿಯಾ ಸ್ಟೇಟ್ ಯೂನಿವರ್ಸಿಟಿಯಲ್ಲಿ ಓದುತ್ತಿದ್ದಳು. ಒಂದು ಭಾನುವಾರ ಫೋನಿನಲ್ಲಿ ಮಾತಾಡುತ್ತ, "ಚಿಕ್ಕಮ್ಮ, ನೀವು ಯಾವಾಗಲೂ ಶಾಲೆ ಬಿಟ್ಟ ಮಕ್ಕಳ ಬಗ್ಗೆ ಹೇಳ್ತಿರ್ತೀರಲ್ಲ, ಇಲ್ಲಿ ಒಬ್ಬರು ಮೇಷ್ಟ್ರಿದ್ದಾರೆ, ಅವರಿಗೆ ಅದೇ ಕೆಲಸ" ಎಂದಳು. ಅವರ ಭಾಷಣಗಳನ್ನೂ ಬರಹಗಳನ್ನೂ ಕಳಿಸಿದಳು. ನಿಘಂಟು ಪಕ್ಕದಲ್ಲಿಟ್ಟುಕೊಂಡು ಒಂದು ದಸರಾ ರಜೆಯನ್ನೆಲ್ಲ ಅದರಲ್ಲೇ ಕಳೆದೆ.

ಆ ಮೇಷ್ಟ್ರ ಹೆಸರು ಟಿಮೊತಿ ರೆನಿಕ್. ಕಂಪ್ಯೂಟರ್ ಓದಿದವರಲ್ಲ, ವ್ಯಾಪಾರ ಓದಿದವರೂ ಅಲ್ಲ. ಧರ್ಮಶಾಸ್ತ್ರ ಓದಿದವರು. ಮಧ್ಯಯುಗದ ಕ್ರೈಸ್ತ ತತ್ವಜ್ಞಾನಿ ಅಕ್ವಿನಾಸ್‌ನ ವಿಚಾರಗಳನ್ನು ಸಾಮಾನ್ಯ ಓದುಗರಿಗೆ ತಿಳಿಸುವ ಪುಸ್ತಕವನ್ನೂ ಬರೆದಿದ್ದಾರೆ. ಪಾಪ, ಪುಣ್ಯ, ಮನುಷ್ಯನ ಇಚ್ಛೆ ಇವುಗಳನ್ನು ತರಗತಿಯಲ್ಲಿ ಹೇಳಿಕೊಂಡಿದ್ದವರನ್ನು 2008ರಲ್ಲಿ ವಿಶ್ವವಿದ್ಯಾಲಯ ಆಡಳಿತಕ್ಕೆ ಕರೆಯಿತು. ಸೇರಿದ ವಿದ್ಯಾರ್ಥಿಗಳು ಓದು ಮುಗಿಸಿ ಹೊರಬರುವಂತೆ ನೋಡಿಕೊಳ್ಳುವುದು ಅವರಿಗೆ ವಹಿಸಿದ ಕೆಲಸ.

ಆ ವಿಶ್ವವಿದ್ಯಾಲಯದ ಕಥೆಯನ್ನೂ ಸ್ವಲ್ಪ ಹೇಳಬೇಕು. 1913ರಲ್ಲಿ ಸಂಜೆ ಕಾಲೇಜಾಗಿ ಶುರುವಾದದ್ದು, ಹಗಲು ದುಡಿದು ರಾತ್ರಿ ಓದುವವರಿಗಾಗಿ. 1962ರವರೆಗೆ ಅಲ್ಲಿ ಕಪ್ಪು ಜನರಿಗೆ ಪ್ರವೇಶವಿರಲಿಲ್ಲ. ಈಗ ಅಲ್ಲಿ ಓದುವವರಲ್ಲಿ ದೊಡ್ಡ ಪಾಲು ಅವರದೇ. ಅರ್ಧದಷ್ಟು ವಿದ್ಯಾರ್ಥಿಗಳು ಬಡವರಿಗೆಂದು ಸರ್ಕಾರ ಕೊಡುವ ನೆರವಿನಿಂದ ಓದುವವರು. ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲನೆಯವರು ಎಷ್ಟೋ ಜನ. ಅಲ್ಲಿ ಪದವಿಗೆ ನಾಲ್ಕು ವರ್ಷ. 2003ರಲ್ಲಿ ಲೆಕ್ಕ ಹಾಕಿದಾಗ ಸೇರಿದ ನೂರು ಜನರಲ್ಲಿ ಆರು ವರ್ಷ ಕಳೆದರೂ ಪದವಿ ಮುಗಿಸುತ್ತಿದ್ದವರು 32 ಜನ ಮಾತ್ರ. ಉಳಿದ 68 ಜನರ ಮುಂದೆಯೂ ಯಾರೋ 'ವೈಯಕ್ತಿಕ' ಎಂದು ಬರೆದಿದ್ದಿರಬೇಕು.

ರೆನಿಕ್ ಮತ್ತು ಅವರ ಜೊತೆಯವರು ಕೇಳಿಕೊಂಡ ಪ್ರಶ್ನೆ ನಮ್ಮ ಹಿಂದಿನ ಬೆಂಚಿನ ಹುಡುಗನ ಪ್ರಶ್ನೆಯೇ. ಬಿಟ್ಟದ್ದು ಇವರೋ, ನಾವೋ? ಹತ್ತು ವರ್ಷದ ಹಳೆಯ ದಾಖಲೆಗಳನ್ನು, ಸುಮಾರು 25 ಲಕ್ಷ ಫಲಿತಾಂಶಗಳನ್ನು, ಕಂಪ್ಯೂಟರಿಗೆ ಹಾಕಿ ನೋಡಿದರು. ಎಡವಿದವರು ಎಡವುವ ಮೊದಲು ಯಾವ ಯಾವ ಸೂಚನೆ ಕೊಟ್ಟಿದ್ದರು ಎಂದು ಹುಡುಕಿದರು. ಎಂಟು ನೂರಕ್ಕೂ ಹೆಚ್ಚು ಸೂಚನೆಗಳು ಸಿಕ್ಕವು. ಒಂದು ಉದಾಹರಣೆ ನನ್ನ ಮನಸ್ಸಿನಲ್ಲಿ ಉಳಿದಿದೆ. ರಾಜ್ಯಶಾಸ್ತ್ರ ಮುಖ್ಯ ವಿಷಯವಾಗಿ ತೆಗೆದುಕೊಂಡವರು ಅದರ ಮೊದಲ ಪತ್ರಿಕೆಯಲ್ಲಿ ಒಳ್ಳೆಯ ದರ್ಜೆ ಪಡೆದರೆ ನಾಲ್ವರಲ್ಲಿ ಮೂವರು ಸಕಾಲಕ್ಕೆ ಪದವಿ ಮುಗಿಸುತ್ತಿದ್ದರಂತೆ. ಬರಿಯ 'ಸಿ' ದರ್ಜೆ ಬಂದರೆ ನಾಲ್ವರಲ್ಲಿ ಒಬ್ಬರು. 'ಸಿ' ಎಂದರೆ ಪಾಸು. ಪಾಸಾದವರ ಬಗ್ಗೆ ಯಾರಾದರೂ ಚಿಂತಿಸುತ್ತಾರೆಯೆ? ನಾನೂ ಮೂವತ್ತೈದು ಅಂಕ ಬಂದ ಮಗುವಿನ ಹೆಸರಿನ ಮುಂದೆ ಗೀಟು ಹಾಕಿ ಮುಂದೆ ಹೋದವಳೇ.

2012ರಲ್ಲಿ ಈ ಸೂಚನೆಗಳನ್ನು ದಿನವೂ ಗಮನಿಸುವ ವ್ಯವಸ್ಥೆ ಶುರುವಾಯಿತು. ಯಂತ್ರ ಎಚ್ಚರಿಸಿದರೆ ಸಾಕೆ? ಎಚ್ಚರಿಸಿದಾಗ ಎದ್ದು ಹೋಗುವ ಮನುಷ್ಯ ಬೇಕು. ಆದ್ದರಿಂದ 42 ಜನ ಸಲಹೆಗಾರರನ್ನು ಹೊಸದಾಗಿ ತೆಗೆದುಕೊಂಡರು. ಯಾರಾದರೂ ತಪ್ಪು ಪತ್ರಿಕೆಗೆ ಹೆಸರು ಕೊಟ್ಟರೆ, ಮೊದಲ ಪರೀಕ್ಷೆಯಲ್ಲಿ ಸೊರಗಿದರೆ, ಸಲಹೆಗಾರರು ತಾವಾಗಿ ಕರೆದು ಮಾತಾಡಿಸುತ್ತಿದ್ದರು.

ಇದಕ್ಕಿಂತ ನನ್ನನ್ನು ತಟ್ಟಿದ್ದು ದುಡ್ಡಿನ ವಿಷಯ. ಶುಲ್ಕದಲ್ಲಿ ಸ್ವಲ್ಪ ಬಾಕಿ ಉಳಿಯಿತೆಂದು ಪ್ರತಿ ಸೆಮಿಸ್ಟರಿನಲ್ಲೂ ಸಾವಿರಕ್ಕೂ ಹೆಚ್ಚು ಜನರ ಹೆಸರು ತೆಗೆದುಹಾಕಲಾಗುತ್ತಿತ್ತು. ನೋಡಿದರೆ ಅವರಲ್ಲಿ ಅನೇಕರು ಓದಿನಲ್ಲಿ ಚೆನ್ನಾಗಿದ್ದವರು, ಇನ್ನೊಂದು ವರ್ಷದಲ್ಲಿ ಪದವೀಧರರಾಗಬೇಕಿದ್ದವರು. ಬಾಕಿಯೋ ಕೆಲವು ನೂರು ಡಾಲರು, ಹೆಚ್ಚೆಂದರೆ ಒಂದೆರಡು ಸಾವಿರ. 2011ರಿಂದ ವಿಶ್ವವಿದ್ಯಾಲಯವೇ ಆ ಬಾಕಿಯನ್ನು ತುಂಬತೊಡಗಿತು. ಅದಕ್ಕೆ ಅರ್ಜಿಯಿಲ್ಲ, ಆದಾಯ ಪ್ರಮಾಣಪತ್ರವಿಲ್ಲ, ಗುಮಾಸ್ತರ ಮುಂದೆ ಕೈಕಟ್ಟಿ ನಿಲ್ಲುವುದಿಲ್ಲ. ಯಾರಿಗೆ ಬೇಕೆಂದು ಅವರೇ ಹುಡುಕಿ, ಖಾತೆಗೆ ಹಾಕಿ, ಆಮೇಲೆ ಫೋನು ಮಾಡಿ ತಿಳಿಸುತ್ತಿದ್ದರು. ಹೀಗೆ ನೆರವು ಪಡೆದ ಕೊನೆಯ ವರ್ಷದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಎರಡು ಸೆಮಿಸ್ಟರಿನೊಳಗೆ ಪದವಿ ಪಡೆದರು. ಕೆಲವು ನೂರು ಡಾಲರಿಗೆ ಒಂದು ಬದುಕು ದಾಟುವುದಾದರೆ, ಅದಿಲ್ಲದೆ ಎಷ್ಟು ಬದುಕು ಮುಳುಗಿದವೋ ಎಂದು ಲೆಕ್ಕ ಹಾಕುತ್ತ ಕುಳಿತೆ.

ಇನ್ನೊಂದು ಸಂಗತಿ ಕೇಳಿ. ಬರುತ್ತೇವೆ ಎಂದು ಒಪ್ಪಿದ್ದವರಲ್ಲಿ 2015ರಲ್ಲಿ ನೂರಕ್ಕೆ 19 ಜನ ಶುರುವಾಗುವ ಹೊತ್ತಿಗೆ ಬರಲೇ ಇಲ್ಲ. ಫಾರಂಗಳು, ದಾಖಲೆಗಳು, ಕೊನೆಯ ದಿನಾಂಕಗಳು, ಇವುಗಳ ನಡುವೆಯೇ ಕಳೆದುಹೋಗಿದ್ದರು. ಮರುವರ್ಷ ಫೋನಿನಲ್ಲಿ ಸಂದೇಶ ಕಳಿಸಿ ಪ್ರಶ್ನೆ ಕೇಳಿದರೆ ಉತ್ತರ ಕೊಡುವ ಒಂದು ಯಂತ್ರವನ್ನು ತಂದರು. ಮೊದಲ ಬೇಸಿಗೆಯಲ್ಲೇ ಅದು ಎರಡು ಲಕ್ಷ ಪ್ರಶ್ನೆಗಳಿಗೆ ಉತ್ತರ ಕೊಟ್ಟಿತಂತೆ. ಹಾಗೆ ಕಳೆದುಹೋಗುವವರ ಸಂಖ್ಯೆ ಐದನೆಯ ಒಂದು ಭಾಗದಷ್ಟು ಇಳಿಯಿತು. ಯಂತ್ರಕ್ಕಿಂತ ಮನುಷ್ಯನ ಮಾತೇ ಮೇಲು ಎಂದು ನಂಬಿದವಳು ನಾನು. ಆದರೆ ಮಕ್ಕಳು ನಡುರಾತ್ರಿಯಲ್ಲಿ ಅದನ್ನು ಕೇಳುತ್ತಿದ್ದರೆಂದೂ, ಮನುಷ್ಯರ ಮುಂದೆ ಕೇಳಲು ನಾಚಿಕೆಯಾಗುವುದನ್ನು ಅದರ ಮುಂದೆ ಕೇಳಿದರೆಂದೂ ಓದಿದಾಗ ಸುಮ್ಮನಾದೆ. ನನ್ನ ಮುಂದೆ ಕೇಳಲು ನಾಚಿದವರು ಎಷ್ಟು ಜನರಿದ್ದರೋ.

2014ರ ಹೊತ್ತಿಗೆ ಅಲ್ಲಿ ಮುಗಿಸುವವರ ಸಂಖ್ಯೆ ನೂರಕ್ಕೆ 54 ಆಗಿತ್ತು. ಬಿಳಿಯರು, ಕಪ್ಪು ಜನ, ಬಡವರು ಎಂಬ ಅಂತರ ಫಲಿತಾಂಶದಲ್ಲಿ ಉಳಿದಿರಲಿಲ್ಲ. ಎಲ್ಲವೂ ಒಬ್ಬರಿಂದ ಆದದ್ದಲ್ಲ, ಅವರು ಬರುವ ಮೊದಲೇ ಶುರುವಾದದ್ದೂ ಇದೆ. ಬಂದ ಮಕ್ಕಳು ಅಂಥದೇ ಬಡಮನೆಗಳ ಮಕ್ಕಳು. ಬದಲಾದದ್ದು ವಿಶ್ವವಿದ್ಯಾಲಯ.

ಬಾಗಿಲು ತೆರೆದರಾಯಿತು, ಬರುವವರು ಬರಲಿ, ಓದುವವರು ಓದಲಿ ಎನ್ನುವ ವಾದ ನನಗೂ ಒಂದು ಕಾಲಕ್ಕೆ ಸರಿಯೆನಿಸಿತ್ತು. ನಮ್ಮ ಸಹೋದ್ಯೋಗಿಯೊಬ್ಬರು ಈಗಲೂ ಹೇಳುತ್ತಾರೆ: "ನಮ್ಮನ್ನ ಯಾರು ಫೋನ್ ಮಾಡಿ ಕರೆದಿದ್ರು ಮೇಡಂ? ಮೈಲಿಗಟ್ಟಲೆ ನಡೆದು ಹೋಗಿ ಓದಲಿಲ್ವಾ?" ನಿಜ, ಓದಿದೆವು. ಆದರೆ ನಮ್ಮ ಜೊತೆ ನಡೆದು ಅರ್ಧದಲ್ಲೇ ನಿಂತವರು ಈ ಮಾತು ಹೇಳಲು ಸ್ಟಾಫ್ ರೂಮಿನಲ್ಲಿ ಇರುವುದಿಲ್ಲವಲ್ಲ. ಆನ್‌ಲೈನ್ ಶಿಕ್ಷಣ ಬಂದ ಹೊಸದರಲ್ಲಿ ಹಾರ್ವರ್ಡ್ ಮತ್ತು ಎಂಐಟಿ ಸೇರಿ ಜಗತ್ತಿಗೆಲ್ಲ ಬಾಗಿಲು ತೆರೆದಿದ್ದವು. 2012-13ರ ಮೊದಲ 17 ಪಾಠಕ್ರಮಗಳಿಗೆ ಹೆಸರು ಕೊಟ್ಟವರು 8,41,687. ಪ್ರಮಾಣಪತ್ರ ಪಡೆದವರು 43,196. ನೂರಕ್ಕೆ ಐದು. ಕುತೂಹಲಕ್ಕೆ ಬಂದು ಹೋದವರೂ ಅದರಲ್ಲಿ ಇದ್ದರು, ಒಪ್ಪೋಣ. ಆದರೆ ಬಾಗಿಲು ತೆರೆಯುವುದು ಬೇರೆ, ಬಂದವರಿಗೆ ಮಣೆ ಹಾಕಿ ಉಂಡರೋ ಇಲ್ಲವೋ ನೋಡುವುದು ಬೇರೆ ಎಂಬುದು ಮನೆ ನಡೆಸುವ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹಾಗಾದರೆ ಎಲ್ಲವನ್ನೂ ಲೆಕ್ಕವಿಟ್ಟು ನೋಡುತ್ತಿದ್ದರೆ ಒಳ್ಳೆಯದೇ ಆಗುತ್ತದೆಯೆ? ಇಲ್ಲ. ಅದೇ ಅಮೆರಿಕದ ಮೇರಿಲ್ಯಾಂಡಿನ ಮೌಂಟ್ ಸೇಂಟ್ ಮೇರೀಸ್ ಎಂಬ ಚಿಕ್ಕ ವಿಶ್ವವಿದ್ಯಾಲಯದ ಕಥೆ ಕೇಳಿ. ಹೊಸಬರಲ್ಲಿ ಯಾರು ಅರ್ಧಕ್ಕೆ ಬಿಡಬಹುದೆಂದು ಒಂದು ಪ್ರಶ್ನಾವಳಿಯಿಂದ ಪತ್ತೆ ಮಾಡಿ, ಸರ್ಕಾರಕ್ಕೆ ಲೆಕ್ಕ ಕೊಡುವ ದಿನಾಂಕಕ್ಕೆ ಮೊದಲೇ ಅವರನ್ನು ಹೊರಗೆ ಕಳಿಸಿಬಿಡಬೇಕೆಂದು ಅಲ್ಲಿನ ಅಧ್ಯಕ್ಷರು ಯೋಚಿಸಿದ್ದರು. ಹಾಗೆ ಮಾಡಿದರೆ ಉಳಿದವರ ಶೇಕಡಾವಾರು ಏರುತ್ತದೆ! ಹಿಂಜರಿದ ಅಧ್ಯಾಪಕರೊಬ್ಬರಿಗೆ ಅವರು ಮೊಲದ ಮರಿಗಳನ್ನು ಮುಳುಗಿಸುವ ಹೋಲಿಕೆ ಕೊಟ್ಟರೆಂದು ವಿದ್ಯಾರ್ಥಿಗಳ ಪತ್ರಿಕೆ ಬಯಲು ಮಾಡಿತು. 2016ರ ಫೆಬ್ರವರಿ ಕೊನೆಗೆ ಅವರು ರಾಜೀನಾಮೆ ಕೊಟ್ಟರು.

ಎರಡೂ ಕಡೆ ತಿಳಿದುಕೊಳ್ಳಲು ಹೊರಟದ್ದು ಒಂದೇ: ಯಾರು ಬೀಳುತ್ತಾರೆ? ಒಬ್ಬರು ಹಿಡಿಯಲು ಕೇಳಿದರು, ಇನ್ನೊಬ್ಬರು ತಳ್ಳಲು ಕೇಳಿದರು. ನಾವು ದೂರದವರನ್ನು ಬಯ್ಯುವುದೂ ಬೇಡ. ಹತ್ತನೆಯ ತರಗತಿಯ ಶೇಕಡಾವಾರು ಕೆಡುತ್ತದೆಂದು ಒಂಬತ್ತರಲ್ಲೇ 'ಈ ಮಗು ಬೇರೆ ಕಡೆ ಹೋದರೆ ಒಳ್ಳೆಯದು' ಎಂದು ಪೋಷಕರ ಕಿವಿಯಲ್ಲಿ ಉಸುರುವ ಶಾಲೆಗಳು ನಮ್ಮ ಊರುಗಳಲ್ಲಿ ಇಲ್ಲವೆ?

ಹಿಡಿಯುವ ಕೈಯ ಬಗ್ಗೆಯೂ ನನಗೊಂದು ಅನುಮಾನವಿದೆ, ಮುಚ್ಚಿಡಬಾರದು. 'ನಿನಗೆ ಈ ವಿಷಯ ಹತ್ತುವುದಿಲ್ಲ, ಬೇರೆ ತೆಗೆದುಕೋ' ಎಂದು ಲೆಕ್ಕ ನೋಡಿ ಹೇಳುವುದು ದಯೆಯೋ, ದಾರಿ ಮುಚ್ಚುವುದೋ? ಎಸ್ಸೆಸ್ಸೆಲ್ಸಿ ಮುಗಿದಾಗ ನಮ್ಮ ಗಣಿತದ ಮೇಷ್ಟ್ರು ಅಪ್ಪನಿಗೆ, "ಹುಡುಗಿಗೆ ಸೈನ್ಸ್ ಬೇಡಿ, ಆರ್ಟ್ಸ್ ಕೊಡಿಸಿ" ಎಂದರು. ಅಪ್ಪ ಹಾಗೇ ಮಾಡಿದರು. ಬಿಎ ಆಯಿತು, ಬಿಎಡ್ ಆಯಿತು, ಕೆಲಸ ಸಿಕ್ಕಿತು. ಮೇಷ್ಟ್ರು ನನ್ನನ್ನು ಕಾಪಾಡಿದರೋ ಕಟ್ಟಿಹಾಕಿದರೋ ಐವತ್ತಾರನೆಯ ವಯಸ್ಸಿನಲ್ಲೂ ತೀರ್ಮಾನಕ್ಕೆ ಬಂದಿಲ್ಲ. ಅವರು ನನ್ನನ್ನು ಒಂದು ಮಾತು ಕೇಳಲಿಲ್ಲ ಎಂಬುದು ಮಾತ್ರ ಗೊತ್ತು. ತಿಳಿದವರು ತಿಳಿಸಬೇಕು. ತೀರ್ಮಾನ ಮಾತ್ರ ಓದುವವಳದ್ದಾಗಿರಬೇಕು. ರೆನಿಕ್ ಅವರ ಯಂತ್ರಕ್ಕೂ ನಮ್ಮ ಮೇಷ್ಟ್ರಿಗೂ ನನ್ನದು ಇದೊಂದೇ ಷರತ್ತು.

ಇಷ್ಟು ಓದಿ, ಇಷ್ಟು ಯೋಚಿಸಿ, ಹೋದ ವರ್ಷ ಗೌರಿಹಬ್ಬಕ್ಕೆ ಮುಂಚೆ ಸೀರೆ ತರಲು ಪೇಟೆಗೆ ಹೋದೆ. ಅಂಗಡಿಯ ಮಹಡಿಯ ಮೇಲೆ ಸೀರೆ ಮಡಚುತ್ತಿದ್ದ ಹುಡುಗಿ ಎದ್ದು ನಿಂತು "ಟೀಚರ್" ಎಂದಳು. ಅವಳೇ. ಓಡಿಹೋಗಿ ನೀರು ತಂದುಕೊಟ್ಟಳು. ಒಂದರ ಮೇಲೊಂದು ಸೀರೆ ಬಿಚ್ಚಿ ಹಾಸಿದಳು. ಒಂದು ಸೀರೆಗೆ 1850 ಎಂದು ಬರೆದಿತ್ತು. "ಹತ್ತು ಪರ್ಸೆಂಟ್ ಬಿಡ್ತಾರೆ ಟೀಚರ್, ಸಾವಿರದ ಆರುನೂರ ಅರವತ್ತೈದು ಬೀಳುತ್ತೆ" ಎಂದು ನಾನು ಕನ್ನಡಕ ಹುಡುಕುವುದರೊಳಗೆ ಹೇಳಿದಳು.

"ಯಾಕಮ್ಮ ಬಿಟ್ಟುಬಿಟ್ಟೆ?" ಎಂದು ಕೇಳಿದೆ.

"ನನ್ನ ತಲೆಗೆ ಓದು ಹತ್ತಲಿಲ್ಲ ಟೀಚರ್" ಎಂದು ನಕ್ಕಳು.

ನಾನು ಬಿಡಲಿಲ್ಲ, ಕೆದಕಿದೆ. ಫೋನು ಅಣ್ಣನದು. ಅಪ್ಪನಿಗೆ ಕೆಲಸ ಹೋಗಿತ್ತು. ರೀಚಾರ್ಜ್ ಮುಗಿಯಿತು. ಎರಡು ತಿಂಗಳ ಪಾಠ ತಪ್ಪಿತು. ಆಮೇಲೆ ಯಾರದೋ ಫೋನಿನಲ್ಲಿ ನೋಡಿದರೆ ಉಳಿದವರೆಲ್ಲ ಎಷ್ಟೋ ಮುಂದೆ ಹೋಗಿದ್ದರು. "ಗ್ರೂಪಲ್ಲಿ ಕೇಳೋಕೆ ನಾಚಿಕೆ ಆಯ್ತು ಟೀಚರ್. ಎಲ್ರೂ ನೋಡ್ತಾರಲ್ಲ."

ಒಂದು ರೀಚಾರ್ಜು. ನನ್ನ ಕೈಚೀಲದಲ್ಲಿ ಆಗ ಸೀರೆಗೆಂದು ಎರಡು ಸಾವಿರ ರೂಪಾಯಿ ಇತ್ತು.

ದುಡ್ಡಿನ ಲೆಕ್ಕಕ್ಕಿಂತ ನನ್ನನ್ನು ಚುಚ್ಚಿದ್ದು ಅವಳ ಮೊದಲ ಉತ್ತರ. ನಾಲ್ಕು ವರ್ಷದಲ್ಲಿ ಅವಳು ಅದನ್ನು ನಂಬಿಬಿಟ್ಟಿದ್ದಳು. ನಾವು ಕಾಲಮ್ಮಿನಲ್ಲಿ ಬರೆದದ್ದನ್ನು ಅವಳು ತನ್ನ ಹಣೆಯಲ್ಲಿ ಬರೆದುಕೊಂಡಿದ್ದಳು. ಕೈಬಿಟ್ಟವರು ಮರೆತುಬಿಡುತ್ತಾರೆ, ಬಿದ್ದವರು ತಪ್ಪು ತಮ್ಮದೆಂದು ಹೊತ್ತುಕೊಳ್ಳುತ್ತಾರೆ. ಇದು ಶಾಲೆಯಲ್ಲಿ ಮಾತ್ರ ನಡೆಯುವುದಲ್ಲ. ಗಂಡನ ಮನೆಯಿಂದ ತಿರುಗಿ ಬಂದ ಹೆಣ್ಣುಮಗಳನ್ನು 'ಗಂಡನ್ನ ಬಿಟ್ಟು ಬಂದವಳು' ಎನ್ನುವುದಿಲ್ಲವೆ? ಅಲ್ಲಿಯೂ ವ್ಯಾಕರಣ ಸರಿಯಾಗಿಯೇ ಇರುತ್ತದೆ.

"ನಿನ್ನ ತಲೆಗೆ ಹತ್ತದೆ ಇದ್ದದ್ದಲ್ಲಮ್ಮ. ನೀನು ಬಿಟ್ಟಿದ್ದಲ್ಲ. ನಾವು ಬಿಟ್ಟಿದ್ದು. ನಾನು ನೋಡಿದ್ದೆ, ಕೇಳಲಿಲ್ಲ" ಎಂದೆ. ಮೂವತ್ತು ವರ್ಷದಲ್ಲಿ ವಿದ್ಯಾರ್ಥಿಯೊಬ್ಬರ ಮುಂದೆ ಹಾಗೆ ಹೇಳಿದ್ದು ಅದೇ ಮೊದಲು. ಅವಳಿಗೆ ಏನು ತೋಚಿತೋ, ಸೀರೆಯ ಅಂಚನ್ನು ನೀವುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದಕ್ಕೆ ಬ್ಲೌಸ್ ಪೀಸ್ ಒಳಗೇ ಇದೆ ಟೀಚರ್" ಎಂದಳು.

ಆಮೇಲೆ ಎರಡು ಸಲ ಆ ಅಂಗಡಿಗೆ ಹೋಗಿದ್ದೇನೆ, ಸೀರೆ ಕೊಳ್ಳಲಿಕ್ಕಲ್ಲ. ಖಾಸಗಿ ಅಭ್ಯರ್ಥಿಯಾಗಿ ಹತ್ತನೆಯ ತರಗತಿಯ ಪರೀಕ್ಷೆಗೆ ಕೂರಬಹುದು, ವಯಸ್ಸು ಮೀರಿಲ್ಲ, ಶುಲ್ಕ ನಾನು ಕಟ್ಟುತ್ತೇನೆ, ಭಾನುವಾರ ಮನೆಗೆ ಬಂದರೆ ಪಾಠ ಹೇಳುತ್ತೇನೆ ಎಂದು ತಿಳಿಸಿದ್ದೇನೆ. ಮೊದಲ ಸಲ "ಈಗ್ಯಾಕೆ ಟೀಚರ್" ಎಂದಳು. ಎರಡನೆಯ ಸಲ "ಅಮ್ಮನ್ನ ಕೇಳಿ ಹೇಳ್ತೀನಿ" ಎಂದಳು. ಒತ್ತಾಯ ಮಾಡಿಲ್ಲ. ತೀರ್ಮಾನ ಅವಳದ್ದಾಗಬೇಕೆಂಬ ನನ್ನ ಷರತ್ತು ನನಗೂ ಅನ್ವಯಿಸುತ್ತದಲ್ಲ.

ಈಗ ನನ್ನ ಮೇಜಿನ ಮೇಲೆ ಹಾಜರಿ ಪುಸ್ತಕದ ಪಕ್ಕ ಇನ್ನೊಂದು ಚಿಕ್ಕ ಪುಸ್ತಕವಿದೆ. ಯಾವ ಮಗು ಎರಡು ದಿನ ಬರಲಿಲ್ಲವೋ ಅದರ ಹೆಸರು ಬರೆದು ಸಂಜೆ ಮನೆಗೆ ಫೋನು ಮಾಡುತ್ತೇನೆ. ಎಂಟು ನೂರು ಸೂಚನೆಗಳನ್ನು ನೋಡುವ ಯಂತ್ರ ನನ್ನಲ್ಲಿಲ್ಲ, ಇರುವುದು ಇದೊಂದೇ. ಹೆಚ್ಚಿನ ದಿನ ಜ್ವರವೆಂದೋ ಊರಿಗೆ ಹೋಗಿದ್ದಾರೆಂದೋ ಉತ್ತರ ಬರುತ್ತದೆ. ಕಾರಣದ ಕಾಲಮ್ಮಿನಲ್ಲಿ 'ವೈಯಕ್ತಿಕ' ಎಂದು ಬರೆಯುವುದನ್ನು ನಿಲ್ಲಿಸಿದ್ದೇನೆ. ಸೀರೆ ಅಂಗಡಿಯ ಹುಡುಗಿಯ ಉತ್ತರ ಇನ್ನೂ ಬಂದಿಲ್ಲ. ಮುಂದಿನ ಶನಿವಾರ ಅರ್ಧದಿನ ಶಾಲೆ, ಮಧ್ಯಾಹ್ನ ಆ ಕಡೆಗೆ ಹೋಗಬೇಕು.